ಹಿಮ ಯಾರ ಪಕ್ಷ?

ರಷ್ಯಾದ ವಾಯವ್ಯಕ್ಕೆ, ವಿಗ್ ನದಿ ಶ್ವೇತ ಸಮುದ್ರವನ್ನು ಸೇರುವ ಕಡೆ, ಜಲವ್ರುಗಾ ಎಂಬಲ್ಲಿ ಬಂಡೆಗಳ ಮೇಲೆ ನೂರಾರು ಚಿತ್ರಗಳನ್ನು ಕೊರೆದಿದ್ದಾರೆ. ಅದರಲ್ಲೊಂದು ಬೇಟೆಯ ಚಿತ್ರ. ಮೂವರು ಕಾಲಿಗೆ ಸ್ಕೀ ಕಟ್ಟಿಕೊಂಡು ಮೂಸ್‌ಗಳ ಬೆನ್ನು ಹತ್ತಿದ್ದಾರೆ. ಮೂಸ್ ಎಂದರೆ ಜಿಂಕೆ ಕುಲದಲ್ಲೇ ಅತಿ ದೊಡ್ಡ ಪ್ರಾಣಿ. ನಮ್ಮ ಕಡವೆ ಅದರ ಪಕ್ಕ ನಿಂತರೆ ಕರುವಿನಂತೆ ಕಂಡೀತು. ಕೆತ್ತಿದವನಿಗೆ ಬೇಟೆಯ ಅನುಭವವಿತ್ತೆಂದು ಕಾಣುತ್ತದೆ. ಸ್ಕೀ ಎಳೆದ ಗೆರೆ, ಕೋಲು ಊರಿದ ಚುಕ್ಕೆ ಯಾವುದನ್ನೂ ಬಿಟ್ಟಿಲ್ಲ. ಐದು ಸಾವಿರ ವರ್ಷಕ್ಕೂ ಹಳೆಯ ಈ ಕೆತ್ತನೆಗಳನ್ನು ಯುನೆಸ್ಕೊ 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಬರಿಗಾಲಲ್ಲಿ ಓಡಿದರೆ ಮೂಸ್ ಮನುಷ್ಯನ ಕೈಗೆ ಸಿಗುವ ಪ್ರಾಣಿಯೇ ಅಲ್ಲ. ಆಳ ಹಿಮದಲ್ಲಿ ಲೆಕ್ಕ ಬದಲಾಗುತ್ತದೆ. ಸ್ಕೀ ಹಾಕಿದವನನ್ನು ಹಿಮ ಮೇಲೆ ಹೊತ್ತುಕೊಳ್ಳುತ್ತದೆ, ಗೊರಸಿನ ಪ್ರಾಣಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಚೀನಾದ ಷಿನ್‌ಜಿಯಾಂಗ್‌ಗೆ ಸೇರಿದ ಅಲ್ತಾಯ್ ಬೆಟ್ಟಗಳಲ್ಲಿ ತುವಾ ಜನ ಈಗಲೂ ಮರದ ಸ್ಕೀಗಳನ್ನು ಕೈಯಲ್ಲೇ ಕೆತ್ತಿ, ಅಡಿಗೆ ಕುದುರೆಯ ಚರ್ಮ ಬಿಗಿಯುತ್ತಾರೆ. ಕೂದಲು ಹಿಂದಕ್ಕೆ ವಾಲಿರುವಂತೆ ಚರ್ಮ ಕೂರಿಸುವುದರಿಂದ ಮುಂದಕ್ಕೆ ಜಾರುತ್ತದೆ, ಏರಿನಲ್ಲಿ ಹಿಂದಕ್ಕೆ ಜಾರದೆ ಕಚ್ಚಿ ಹಿಡಿಯುತ್ತದೆ. ಎಲ್ಕ್ ಜಿಂಕೆಯನ್ನು ಆಳ ಹಿಮದೊಳಕ್ಕೆ ಅಟ್ಟಿಕೊಂಡು ಹೋಗಿ, ಅದು ಸುಸ್ತಾಗಿ ನಿಂತಾಗ ಕೊಂಬಿಗೆ ಹಗ್ಗದ ಕುಣಿಕೆ ಎಸೆಯುವುದು ಅವರ ಹಳೆಯ ಕ್ರಮ. ಕೋವಿಯೇ ಬೇಡ! ಅಲ್ಲಿ ಈಗ ಬೇಟೆ ನಿಷಿದ್ಧ. ವಿದ್ಯೆ ಮಾತ್ರ ಉಳಿದಿದೆ.

ಚಳಿನಾಡುಗಳಲ್ಲಿ ಶತಮಾನಗಳಿಂದ ಜಗ್ಗಾಟ ನಡೆದಿರುವುದು ಇದೇ ವಿಷಯಕ್ಕೆ. ಹಿಮ ಬೇಟೆಗಾರನ ಪಕ್ಷ ಸೇರಿದ ಮೇಲೆ ಅದನ್ನು ಬೇಟೆ ಎನ್ನಬೇಕೆ, ಕಗ್ಗೊಲೆ ಎನ್ನಬೇಕೆ? ಅಮೆರಿಕ, ಜಪಾನ್, ಜರ್ಮನಿಗಳು ಬೇರೆ ಬೇರೆ ಉತ್ತರ ಕೊಟ್ಟಿವೆ. ಕೆಲವು ಉತ್ತರಗಳಿಗೆ ತೆತ್ತ ಬೆಲೆಯೂ ದೊಡ್ಡದು.

ಉತ್ತರ ಅಮೆರಿಕದ ಬಿಳಿಬಾಲದ ಜಿಂಕೆಯನ್ನೇ ತೆಗೆದುಕೊಳ್ಳಬಹುದು. ಅದರ ಎದೆ ನೆಲದಿಂದ ಅರ್ಧ ಮೀಟರಿಗೆ ಸ್ವಲ್ಪ ಮೇಲಿರುತ್ತದೆ. ಗೇಣುದ್ದದ ಹಿಮ ಅದಕ್ಕೊಂದು ತೊಂದರೆಯೇ ಅಲ್ಲ. ಹಿಮ ಮುಂಗಾಲಿನ ಮಂಡಿ ದಾಟಿತೆಂದರೆ ಪ್ರತಿ ಹೆಜ್ಜೆಯ ಖರ್ಚು ಏರತೊಡಗುತ್ತದೆ. ಆ ಏರಿಕೆ ಒಂದೇ ಸಮನಲ್ಲ, ಕಾಲು ಹೂತಷ್ಟೂ ಗುಣಿಸುತ್ತ ಹೋಗುತ್ತದೆ. ಎದೆಮಟ್ಟ ಬಂದ ಮೇಲೆ ನಡೆಯಲಾಗದೆ ನೆಗೆಯಬೇಕು, ಒಂದೊಂದು ನೆಗೆತಕ್ಕೂ ಮೈಯ ಕೊಬ್ಬು ಕರಗಬೇಕು. ಆ ಕೊಬ್ಬು ಏಪ್ರಿಲ್‌ವರೆಗೆ ಸಾಲಬೇಕಾದ ಗಂಟು. ಮೇವು ಸಾಲದ ಚಳಿಗಾಲದಲ್ಲಿ ಜಿಂಕೆ ಮೈತೂಕದ ಐದರಲ್ಲೊಂದು ಪಾಲನ್ನು, ಕೆಲವೊಮ್ಮೆ ಅದಕ್ಕೂ ಹೆಚ್ಚನ್ನು ಕಳೆದುಕೊಳ್ಳುತ್ತದೆ. ಗಂಟು ಚಿಕ್ಕದಿರುವ ಮರಿಗಳು ಮೊದಲು ಸಾಯುತ್ತವೆ.

ಅದಕ್ಕೇ ಜಿಂಕೆಗಳು ಡಿಸೆಂಬರ್-ಜನವರಿಯ ಹೊತ್ತಿಗೆ ಹೆಮ್‌ಲಾಕ್, ಸೀಡರ್‌ನಂಥ ಸೂಜಿಎಲೆ ಮರಗಳ ದಟ್ಟಣೆಗೆ ಬಂದು ಗುಂಪುಗೂಡುತ್ತವೆ. ಕೊಂಬೆಗಳು ಹಿಮವನ್ನು ಮೇಲೆಯೇ ತಡೆಯುವುದರಿಂದ ಕೆಳಗೆ ಆಳ ಕಡಿಮೆ, ಗಾಳಿಯೂ ಕಡಿಮೆ. ನೂರಾರು ಗೊರಸುಗಳು ತುಳಿದ ಹಾದಿಗಳು ಬಲೆಯಂತೆ ಹರಡಿಕೊಳ್ಳುತ್ತವೆ. ಈ ಜಾಗವನ್ನು ಅಲ್ಲಿನವರು ‘ಡಿಯರ್ ಯಾರ್ಡ್’ ಎನ್ನುತ್ತಾರೆ, ನಾವು ದೊಡ್ಡಿ ಎನ್ನಬಹುದು. ಹಾದಿಯ ಮೇಲಿದ್ದಷ್ಟು ಹೊತ್ತು ಜಿಂಕೆ ಕ್ಷೇಮ. ಹಾದಿ ಬಿಟ್ಟು ಓಡಬೇಕಾಗಿ ಬಂತೋ, ಅಲ್ಲಿಗೆ ಕಥೆ ಮುಗಿದಂತೆ.

ವಿಯೆನ್ನಾದ ಸಂಶೋಧಕ ವಾಲ್ಟರ್ ಆರ್ನಲ್ಡ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನ ಈ ಚಿತ್ರಕ್ಕೆ ಇನ್ನೊಂದು ಮುಖ ಸೇರಿಸಿತು. ಯುರೋಪಿನ ಕೆಂಪು ಜಿಂಕೆ ಚಳಿಗಾಲದಲ್ಲಿ ಹೃದಯದ ಬಡಿತವನ್ನು ಬೇಸಿಗೆಯ ಬಡಿತದ ಅರ್ಧದಷ್ಟಕ್ಕೆ ಇಳಿಸುತ್ತದೆ. ಕಡು ಚಳಿಯ ರಾತ್ರಿಗಳಲ್ಲಿ ಎದೆಯ ಚರ್ಮದಡಿಯ ತಾಪ 15 ಡಿಗ್ರಿಯ ಆಸುಪಾಸಿಗೆ ಬೀಳುತ್ತದೆ. ಕರಡಿಯ ಹಾಗೆ ಗುಹೆ ಸೇರಿ ಮಲಗುವುದಿಲ್ಲ ಅಷ್ಟೆ, ನಿಂತಲ್ಲೇ ಒಲೆ ಸಣ್ಣ ಮಾಡಿಕೊಂಡಿರುತ್ತದೆ. ಅಂಥ ಪ್ರಾಣಿಯನ್ನು ಎಬ್ಬಿಸಿ ಓಡಿಸಿದರೆ ಗುಂಡು ತಗಲದಿದ್ದರೂ ಸಾವು ಹತ್ತಿರ ಬಂದಿರುತ್ತದೆ. ನೂರು ಜಿಂಕೆಗಳ ದೊಡ್ಡಿಗೆ ನುಗ್ಗಿ ಎರಡನ್ನು ಹೊಡೆದವನು ತಾನು ಕೊಂದದ್ದು ಎರಡೇ ಎಂದುಕೊಳ್ಳುವುದು ಅರ್ಧ ಲೆಕ್ಕ.

ಫೆಬ್ರುವರಿ-ಮಾರ್ಚ್‌ನಲ್ಲಿ ಇನ್ನೊಂದು ಅವಸ್ಥೆ ಬರುತ್ತದೆ. ಹಗಲ ಬಿಸಿಲಿಗೆ, ಇಲ್ಲವೆ ಅಕಾಲದ ಮಳೆಗೆ ಮೇಲಿನ ಹಿಮ ಕರಗಿ, ರಾತ್ರಿ ಮತ್ತೆ ಹೆಪ್ಪುಗಟ್ಟಿ ಗಟ್ಟಿ ತೊಗಟೆಯಾಗುತ್ತದೆ. ನಾಯಿ ಅದರ ಮೇಲೆ ಓಡಬಲ್ಲದು, ಅಗಲ ತಳದ ಸ್ನೋಶೂ ತೊಟ್ಟವನೂ ನಡೆಯಬಲ್ಲ. ಜಿಂಕೆಯ ಚೂಪು ಗೊರಸು ಮಾತ್ರ ತೊಗಟೆಯನ್ನು ಒಡೆದು ಒಳಗೆ ಸಿಕ್ಕಿಕೊಳ್ಳುತ್ತದೆ, ಒಡೆದ ಅಂಚು ಕಾಲನ್ನು ಕೊಯ್ಯುತ್ತದೆ. ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ 19ನೇ ಶತಮಾನದುದ್ದಕ್ಕೂ ಈ ಹೊತ್ತನ್ನೇ ಕಾಯುತ್ತಿದ್ದವರಿದ್ದರು. ನಾಯಿ ಬಿಟ್ಟು, ಸಿಕ್ಕಿಬಿದ್ದ ಜಿಂಕೆಗಳನ್ನು ಕೊಡಲಿಯಿಂದಲೋ ದೊಣ್ಣೆಯಿಂದಲೋ ಬಡಿದು, ಚರ್ಮವನ್ನಷ್ಟೇ ಹೊತ್ತು ತಂದದ್ದೂ ಉಂಟು. ಮುಂದೆ ಅಮೆರಿಕದ ಅಧ್ಯಕ್ಷರಾದ ಥಿಯೋಡರ್ ರೂಸ್‌ವೆಲ್ಟ್ 1887ರಲ್ಲಿ ನ್ಯೂಯಾರ್ಕಿನಲ್ಲಿ ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ತನ್ನ ನಿಯಮಾವಳಿಯಲ್ಲೇ ಇದನ್ನು ನ್ಯಾಯದ ಬೇಟೆಯಿಂದ ಹೊರಗಿಟ್ಟಿತು. ಆಳ ಹಿಮದ ತೊಗಟೆಯಲ್ಲಿ ಸಿಕ್ಕಿದ ಮೂಸ್, ಎಲ್ಕ್, ಜಿಂಕೆಯನ್ನು ಕೊಲ್ಲುವುದನ್ನು ಅದು ಬೋನಿಟ್ಟು ಕರಡಿ ಹಿಡಿಯುವುದರ ಸಾಲಿನಲ್ಲೇ, ಈಜುತ್ತಿರುವ ಪ್ರಾಣಿಯನ್ನು ದೋಣಿಯಿಂದ ಹೊಡೆಯುವುದರ ಸಾಲಿನಲ್ಲೇ ಇರಿಸಿತು.

ಇಲ್ಲೊಂದು ಮಾತನ್ನು ಹೇಳದೆ ಬಿಡಬಾರದು. ರೂಸ್‌ವೆಲ್ಟ್ ಮತ್ತು ಗೆಳೆಯರು ಊಟಕ್ಕಾಗಿ ಬೇಟೆಗೆ ಹೋಗುತ್ತಿದ್ದವರಲ್ಲ. ಉತ್ತರ ಅಮೆರಿಕದ ಚಳಿಕಾಡುಗಳಲ್ಲಿ ಅವರಿಗಿಂತ ಸಾವಿರಾರು ವರ್ಷ ಮುಂಚಿನಿಂದ ಬದುಕಿದ್ದ ಕ್ರೀ, ಇನ್ನು, ಅನಿಶಿನಾಬೆ ಎಂಬ ಮೂಲನಿವಾಸಿ ಜನರಿಗೆ ಚಳಿಗಾಲದ ಕೊನೆ ಎಂದರೆ ಒಣಗಿಸಿಟ್ಟ ಆಹಾರ ಮುಗಿಯುವ ಕಾಲ. ಆಗ ಸ್ನೋಶೂ ತೊಟ್ಟು ಆಳ ಹಿಮದಲ್ಲಿ ಮೂಸ್ ಹಿಡಿಯದಿದ್ದರೆ ಮಕ್ಕಳು ಉಪವಾಸ. ಹೊಟ್ಟೆ ತುಂಬಿದವರು ಬರೆದ ನ್ಯಾಯಸಂಹಿತೆಯನ್ನು ಹಸಿದವನ ಮೇಲೆ ಹೇರಿದ ಅನ್ಯಾಯವೂ ಈ ಚರಿತ್ರೆಯಲ್ಲಿ ಸೇರಿಕೊಂಡಿದೆ. ಹಾಗಿದ್ದೂ ಕ್ಲಬ್ಬಿನ ನಿಯಮ ತಪ್ಪೆನ್ನಲಾಗದು. ಮಾರುಕಟ್ಟೆಗೆ ಮಾಂಸ, ಚರ್ಮ ಒದಗಿಸುವವರ ಕೈಗೆ ಕಾಡು ಹೋಗಿತ್ತು. 20ನೇ ಶತಮಾನ ಕಾಲಿಡುವಾಗ ಇಡೀ ದೇಶದಲ್ಲಿ ಉಳಿದಿದ್ದ ಬಿಳಿಬಾಲದ ಜಿಂಕೆ ಐದು ಲಕ್ಷದಷ್ಟಿರಬಹುದೆಂಬುದು ರೂಢಿಯ ಅಂದಾಜು. ಇಂದು ಆ ಸಂಖ್ಯೆ ಸುಮಾರು ಮೂರು ಕೋಟಿ. ಬೇಟೆಯ ಅವಧಿಯನ್ನು ಕಾನೂನು ಗೊತ್ತುಪಡಿಸಿದ್ದು, 1900ರ ಲೇಸಿ ಕಾಯ್ದೆ ಕದ್ದ ಬೇಟೆಯ ಅಂತರರಾಜ್ಯ ಸಾಗಾಟಕ್ಕೆ ತಡೆ ಹಾಕಿದ್ದು, 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಕೋವಿ-ತೋಟಾಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳ ಕೆಲಸಕ್ಕೇ ತಿರುಗಿಸಿದ್ದು, ತೋಳಗಳು ಇಲ್ಲವಾದದ್ದು ಎಲ್ಲವೂ ಇದಕ್ಕೆ ಕಾರಣ.

ಹಿಮ, ಸರ್ಕಾರ, ಮಾರುಕಟ್ಟೆ ಮೂರೂ ಒಟ್ಟಿಗೆ ಕೈಜೋಡಿಸಿದರೆ ಏನಾಗುತ್ತದೆಂದು ನೋಡಬೇಕಾದರೆ ಜಪಾನಿನ ಹೊಕ್ಕೈಡೊಗೆ ಹೋಗಬೇಕು. ಅಲ್ಲಿನ ಐನು ಜನ ವತ್ಸನಾಭಿಯ ವಿಷ ಹಚ್ಚಿದ ಬಾಣದಿಂದ ಸಿಕಾ ಜಿಂಕೆ ಹೊಡೆದು ಬದುಕಿದವರು. ಮೇಜಿ ಸರ್ಕಾರ 1869ರಲ್ಲಿ ದ್ವೀಪದ ಅಭಿವೃದ್ಧಿಗೆ ಆಯೋಗ ನೇಮಿಸಿತು. 1876ರಲ್ಲಿ ವಿಷಬಾಣಕ್ಕೆ ನಿಷೇಧ ಬಂತು. ಹೊರಗಿನಿಂದ ಬಂದವರು ಕೋವಿ ಹಿಡಿದು ಚರ್ಮಕ್ಕಾಗಿ ಜಿಂಕೆಗಳನ್ನು ಉರುಳಿಸತೊಡಗಿದರು. 1878ರಲ್ಲಿ ಬಿಬಿ ಎಂಬಲ್ಲಿ ಜಿಂಕೆ ಮಾಂಸವನ್ನು ಡಬ್ಬಿಗೆ ತುಂಬುವ ಕಾರ್ಖಾನೆಯನ್ನು ಆಯೋಗವೇ ತೆರೆಯಿತು.

ಮರುವರ್ಷವೇ ದ್ವೀಪದ ಮೇಲೆ ಭಾರಿ ಹಿಮ ಸುರಿಯಿತು.

ಮೊದಲೇ ತೆಳುವಾಗಿದ್ದ ಜಿಂಕೆ ಹಿಂಡುಗಳು ಹಿಮದಲ್ಲಿ ಹೂತು, ಹಸಿದು, ರಾಶಿರಾಶಿಯಾಗಿ ಸತ್ತವು. ಬದುಕಿದವು ಬೇಟೆಗಾರರಿಗೆ ಸುಲಭದ ತುತ್ತಾದವು. ಡಬ್ಬಿ ಕಾರ್ಖಾನೆ ಕೆಲವೇ ವರ್ಷದಲ್ಲಿ ಮುಚ್ಚಿತು. ಸಾಲ್ಮನ್ ಮೀನಿಗೂ ನಿರ್ಬಂಧ ಬಿದ್ದಿದ್ದರಿಂದ 1880ರ ದಶಕದಲ್ಲಿ ತೊಕಾಚಿ ಸೀಮೆಯ ಐನು ಹಳ್ಳಿಗಳಲ್ಲಿ ಜನ ಹಸಿವಿನಿಂದ ನರಳಿದರು. ಜಿಂಕೆ ಸಿಗದ ತೋಳಗಳು ಕುದುರೆ ಸಾಕಣೆ ಕೇಂದ್ರಗಳತ್ತ ತಿರುಗಿದವು. ಸರ್ಕಾರಕ್ಕೆ ಸಲಹೆಗಾರನಾಗಿದ್ದ ಅಮೆರಿಕದ ಒಹಾಯೊದ ಎಡ್ವಿನ್ ಡನ್ ನೀಕಪ್ಪು ಕುದುರೆ ಕೇಂದ್ರದಲ್ಲಿ ಮಾಂಸಕ್ಕೆ ಸ್ಟ್ರಿಕ್‌ನಿನ್ ವಿಷ ಬೆರೆಸಿ ಇಡಿಸಿದ. 1889ರ ಸುಮಾರಿಗೆ ಹೊಕ್ಕೈಡೊ ತೋಳ ಭೂಮಿಯ ಮೇಲಿಂದಲೇ ಅಳಿಯಿತು. ಆ ಹೊತ್ತಿಗೆ ಜಿಂಕೆ ಬೇಟೆಯನ್ನೂ ನಿಷೇಧಿಸಬೇಕಾಯಿತು. ಇಷ್ಟೂ ಹಿಮದ ತಪ್ಪೇ? ಹಿಮ ಹಿಂದೆಯೂ ಬಿದ್ದಿತ್ತು, ಜಿಂಕೆ ಹಿಂದೆಯೂ ಸತ್ತು ಮತ್ತೆ ಹೆಚ್ಚಿದ್ದವು. ಮತ್ತೆ ಹೆಚ್ಚಲು ಬೇಕಾದ ಉಳಿಕೆಯನ್ನು ತಿಂದುಹಾಕಿದ್ದು ಕಾರ್ಖಾನೆ ಮತ್ತು ಕೋವಿ.

ಈಗ ಅದೇ ದ್ವೀಪದಲ್ಲಿ ಚಕ್ರ ಪೂರ್ತಿ ತಿರುಗಿದೆ. ಸಿಕಾ ಜಿಂಕೆಗಳ ಸಂಖ್ಯೆ ಏಳು ಲಕ್ಷದ ಆಸುಪಾಸಿನಲ್ಲಿದೆ ಎನ್ನುತ್ತದೆ ಅಲ್ಲಿನ ಆಡಳಿತ. ಬೆಳೆ ಮೇಯುತ್ತವೆ, ಮರದ ತೊಗಟೆ ಸುಲಿಯುತ್ತವೆ, ರೈಲಿಗೆ ಅಡ್ಡ ಬರುತ್ತವೆ. ತೋಳ ಇಲ್ಲ. ಇರುವ ಬೇಟೆಗಾರರಿಗೆ ವಯಸ್ಸಾಗಿದೆ. ಜಪಾನಿನಲ್ಲಿ ರೈಫಲ್ ಬೇಕೆಂದರೆ ಸಾಮಾನ್ಯವಾಗಿ ಹತ್ತು ವರ್ಷ ಶಾಟ್‌ಗನ್ ಇಟ್ಟುಕೊಂಡ ಅನುಭವ ತೋರಿಸಬೇಕಾದ್ದರಿಂದ ಹೊಸಬರು ಬರುವುದೂ ನಿಧಾನ. ಹೀಗಾಗಿ ಜಿಂಕೆಗಳು ಒಂದೆಡೆ ಸೇರುವ ಚಳಿಗಾಲವೇ ಸಂಖ್ಯೆ ಇಳಿಸಲು ಅನುಕೂಲದ ಸಮಯ ಎಂಬ ನಿಲುವಿಗೆ ಅಲ್ಲಿನ ಅಧಿಕಾರಿಗಳು ಬಂದಿದ್ದಾರೆ. ಹಿಮ ಬಿದ್ದು ಬೇರೆ ವಾಹನಗಳಿಗೆ ಮುಚ್ಚಿದ ಕಾಡುರಸ್ತೆಗಳಲ್ಲಿ ನುರಿತ ಗುರಿಕಾರರು ನಿಧಾನವಾಗಿ ಸಾಗುತ್ತ ಹೊಡೆಯುವ ಪದ್ಧತಿ ಅಲ್ಲಿದೆ. ಬೂನ್ ಅಂಡ್ ಕ್ರಾಕೆಟ್ ಕ್ಲಬ್ಬಿನ ಕಣ್ಣಲ್ಲಿ ಇದು ಬೇಟೆಯೇ ಅಲ್ಲ. ನಿಜ, ಅಲ್ಲ. ಇದು ಕಾಡಿನ ನಿರ್ವಹಣೆ, ಹಾಗೆಂದು ಒಪ್ಪಿಕೊಂಡೇ ಮಾಡುತ್ತಿದ್ದಾರೆ. ಕ್ರೀಡೆಯ ಹೆಸರು ಕೊಡದಿರುವುದರಲ್ಲಿ ಒಂದು ಪ್ರಾಮಾಣಿಕತೆ ಇದೆ.

ಹೊಕ್ಕೈಡೊ ಕಲಿಸಿದ ಇನ್ನೊಂದು ಪಾಠ ಹದ್ದಿನದು. ಜಿಂಕೆ ಹೊಡೆದು, ಬೇಕಾದ ಮಾಂಸ ಕೊಯ್ದುಕೊಂಡು, ಉಳಿದದ್ದನ್ನು ಹಿಮದಲ್ಲೇ ಬಿಟ್ಟು ಹೋಗುವ ರೂಢಿಯಿತ್ತು. ಸೀಸದ ಗುಂಡು ಮೂಳೆಗೆ ತಾಗಿದಾಗ ಸಿಡಿದು ಪುಡಿಯಾಗುತ್ತದೆ. ಆ ಪುಡಿ ಸೇರಿದ ಮಾಂಸ ತಿಂದು ಸ್ಟೆಲ್ಲರ್ ಸಮುದ್ರ ಹದ್ದುಗಳು, ಬಿಳಿಬಾಲದ ಹದ್ದುಗಳು 1990ರ ದಶಕದ ಕೊನೆಯಲ್ಲಿ ಒಂದರ ಹಿಂದೊಂದು ಸತ್ತವು. ಜಿಂಕೆ ಬೇಟೆಗೆ ರೈಫಲ್‌ನ ಸೀಸದ ಗುಂಡನ್ನು 2000ದಲ್ಲಿ ನಿಷೇಧಿಸಲಾಯಿತು. ಕದ್ದು ಬಳಸುವುದು ನಿಲ್ಲದ್ದರಿಂದ 2014ರಲ್ಲಿ ಬೇಟೆಗೆ ಹೋಗುವಾಗ ಅದನ್ನು ಜೊತೆಗಿಟ್ಟುಕೊಳ್ಳುವುದೂ ಅಪರಾಧವಾಯಿತು.

ಇಷ್ಟೆಲ್ಲ ಓದಿದ ಮೇಲೆ ಹಿಮದಲ್ಲಿ ಬೇಟೆ ಎಂದರೆ ಬರೀ ಅನ್ಯಾಯ ಎನ್ನಿಸಿದರೆ, ಅದು ಅರ್ಧ ಸತ್ಯ. ಗೇಣುದ್ದ ಹಿಮದಲ್ಲಿ ನಡೆಯುವ ಬೇಟೆ ಬೇರೆಯದೇ ವಿದ್ಯೆ. ವರ್ಮಾಂಟ್, ಮೇನ್ ಕಡೆ ನವೆಂಬರ್‌ನ ಮೊದಲ ಹಿಮಕ್ಕೆ ಬೇಟೆಗಾರರು ಕಾದು ಕೂರುತ್ತಾರೆ. ವರ್ಮಾಂಟಿನ ಲ್ಯಾರಿ ಬೆನಾಯ್ಟ್ 1970ರ ದಶಕದಲ್ಲಿ ಇದರಿಂದಲೇ ದೇಶದುದ್ದಕ್ಕೂ ಹೆಸರಾದವರು. ಮರದ ಮೇಲೆ ಅಟ್ಟಣೆ ಕಟ್ಟಿ ಕೂರುವವರ ನಡುವೆ ಅವರು ಬೆಳಗ್ಗೆ ಒಂದು ದೊಡ್ಡ ಗಂಡು ಜಿಂಕೆಯ ಜಾಡು ಹಿಡಿದು, ಅದೊಂದನ್ನೇ ದಿನವಿಡೀ ಹಿಂಬಾಲಿಸುತ್ತಿದ್ದರು. ನಮ್ಮ ಮಲೆನಾಡಿನಲ್ಲಿ ಮಳೆ ನಿಂತ ಮರುದಿನ ಕೆಸರಲ್ಲಿ ಕಡವೆಯ ಹೆಜ್ಜೆ ನೋಡಿ ಹೇಳಬಲ್ಲ ಹಿರಿಯರಿದ್ದಾರಲ್ಲ, ಆ ಜಾತಿಯ ಓದು ಇದು.

ಬಾಗಿ ನೋಡಿದರೆ ಒಂದು ಹೆಜ್ಜೆಯಲ್ಲಿ ಎಷ್ಟೊಂದು ಇರುತ್ತದೆ. ಗೊರಸು ಒತ್ತಿದ ತಳಕ್ಕೆ ಬೆರಳು ಇಟ್ಟಾಗ ಹಿಮ ಪುಡಿಪುಡಿಯಾಗಿದ್ದರೆ ಜಿಂಕೆ ಈಗಷ್ಟೇ ಹೋಗಿದೆ; ತಳ ಬಿಗಿದು ಗಟ್ಟಿಯಾಗಿದ್ದರೆ ಹೋಗಿ ಬಹಳ ಹೊತ್ತಾಗಿದೆ. ಮೇಲೆ ಹೊಸ ಹಿಮದ ಎರಡು ಹರಳು ಬಿದ್ದಿದ್ದರೆ ಹಿಮ ಯಾವಾಗ ನಿಂತಿತೆಂದು ನೆನಪು ಮಾಡಿಕೊಂಡು ಗಂಟೆ ಲೆಕ್ಕ ಹಾಕಬೇಕು. ಮಲಗಿ ಎದ್ದ ಗುಂಡಿಯೂ ಮಾತಾಡುತ್ತದೆ. ಒಂದು ದೊಡ್ಡ ಗುಂಡಿ, ಪಕ್ಕದಲ್ಲಿ ಎರಡು ಚಿಕ್ಕವು ಎಂದರೆ ತಾಯಿ-ಮರಿಗಳು. ಒಂಟಿಯಾಗಿ ದೊಡ್ಡದೊಂದೇ ಇದ್ದರೆ ಗಂಡಾಗಿರಬಹುದು. ಕಾಲೆಳೆದ ಗೆರೆಯಿದ್ದರೆ ಬೆದೆಗೆ ಬಂದ ಗಂಡು ಎಂದು ನಂಬುವವರಿದ್ದಾರೆ, ತೆಳು ಹಿಮದಲ್ಲಿ ಆ ನಂಬಿಕೆ ಸರಿ. ಆಳ ಹಿಮದಲ್ಲಿ ಹೆಣ್ಣೂ ಮರಿಯೂ ಕಾಲೆಳೆಯುತ್ತವೆ, ಅಲ್ಲಿ ಆ ಗುರುತು ಕೆಲಸಕ್ಕೆ ಬಾರದು. ಇಷ್ಟೆಲ್ಲ ಓದಿಕೊಂಡು ಹೋದರೂ ಜಿಂಕೆ ಸುಮ್ಮನೆ ಸಿಗುವುದಿಲ್ಲ. ಅದು ಒಂದು ಸುತ್ತು ಹಾಕಿ, ಗಾಳಿ ನೋಡಿಕೊಂಡು, ತಾನು ಬಂದ ಹಾದಿಯನ್ನೇ ಕಾಯುತ್ತ ಮಲಗಿರುತ್ತದೆ. ತೆಳು ಹಿಮ ಬೇಟೆಗಾರನಿಗೆ ಜಾಡು ಕೊಡುತ್ತದೆ, ಜಿಂಕೆಯ ಕಾಲನ್ನು ಕಟ್ಟುವುದಿಲ್ಲ. ಇಲ್ಲಿ ಸೋಲುವವನು ಹೆಚ್ಚಾಗಿ ಮನುಷ್ಯನೇ.

ಮನುಷ್ಯನಿಗೆ ಬೇರೆ ಗಂಡಾಂತರಗಳೂ ಇವೆ. ನಡೆದು ಬೆವರಿ, ನಿಂತಾಗ ಆ ಬೆವರೇ ತಣ್ಣಗಾಗಿ ಮೈಬಿಸಿ ಇಳಿಯುವುದು ಮೊದಲನೆಯದು. ಹತ್ತಿಬಟ್ಟೆ ಅಲ್ಲಿ ಶತ್ರು, ಉಣ್ಣೆ ಮಿತ್ರ. ಬಿದ್ದಾಗ ಕೋವಿಯ ನಳಿಗೆಗೆ ಹಿಮ ತುಂಬಿಕೊಂಡು, ಅದನ್ನು ನೋಡದೆ ಈಡು ಹಾರಿಸಿದರೆ ನಳಿಗೆ ಸಿಡಿಯಬಹುದು. ಅದಕ್ಕೆ ಅನುಭವಿಗಳು ನಳಿಗೆಯ ಬಾಯಿಗೆ ಟೇಪ್ ಅಂಟಿಸಿರುತ್ತಾರೆ. ಜೇಬಲ್ಲಿ ಬಿಳಿ ಕರವಸ್ತ್ರ ಇಡಬಾರದೆಂಬುದು ಇನ್ನೊಂದು ಎಚ್ಚರ, ಏಕೆಂದರೆ ಬೆದರಿದ ಬಿಳಿಬಾಲದ ಜಿಂಕೆ ಎತ್ತುವ ಬಾಲವೂ ಹಾಗೆಯೇ ಕಾಣುತ್ತದೆ. 1988ರ ನವೆಂಬರ್‌ನಲ್ಲಿ ಮೇನ್ ರಾಜ್ಯದಲ್ಲಿ ತಮ್ಮ ಮನೆಯ ಹಿತ್ತಲಲ್ಲಿದ್ದ ಮಹಿಳೆಯೊಬ್ಬರು ಬೇಟೆಗಾರನ ಗುಂಡಿಗೆ ಬಲಿಯಾದರು. ಅವರ ಕೈಯಲ್ಲಿದ್ದದ್ದು ಬಿಳಿ ಕೈಗವಸು. ಗುರಿ ಏನೆಂದು ಖಚಿತಪಡಿಸಿಕೊಳ್ಳದೆ ಗುಂಡು ಹಾರಿಸುವುದನ್ನು ಆ ರಾಜ್ಯ ಮುಂದೆ ಕಾನೂನಿನಲ್ಲೇ ಅಪರಾಧವಾಗಿಸಿತು. ಸತ್ತ ಜಿಂಕೆಯ ಮಾಂಸವೂ ಚಳಿಗೆ ಕೆಡುವುದುಂಟು. ಸೆಡೆತ ಪೂರ್ತಿಯಾಗುವ ಮೊದಲೇ ಹೆಪ್ಪುಗಟ್ಟಿದರೆ ಸ್ನಾಯು ಮುದುಡಿ ಮಾಂಸ ಗಡುಸಾಗುತ್ತದೆ.

ಕರುಣೆಯೂ ಕೊಲ್ಲುತ್ತದೆ ಎಂಬುದು ಈ ವಿಷಯದ ವಿಚಿತ್ರ ತಿರುವು. ಹಿಮದಲ್ಲಿ ಬಡಕಲಾದ ಜಿಂಕೆಗಳನ್ನು ಕಂಡು ಮರುಗಿ ಜನ ಒಣಹುಲ್ಲು, ಮೆಕ್ಕೆಜೋಳ ತಂದು ಸುರಿಯುತ್ತಾರೆ. ಚಳಿಗಾಲದಲ್ಲಿ ಜಿಂಕೆಯ ಮೆಲುಕಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಕಡ್ಡಿ-ಚಿಗುರು ಜೀರ್ಣಿಸಲು ಒಗ್ಗಿಕೊಂಡಿರುತ್ತವೆ. ಒಮ್ಮೆಲೆ ಜೋಳ ಬಿದ್ದರೆ ಹೊಟ್ಟೆಯಲ್ಲಿ ಆಮ್ಲವೇರಿ ಜಿಂಕೆ ಸಾಯಬಹುದು. ಹುಲ್ಲು ತಿಂದು ಹೊಟ್ಟೆ ತುಂಬಿದ್ದೂ ಹಸಿವಿನಿಂದ ಸತ್ತ ಜಿಂಕೆಗಳು ಸಿಗುತ್ತವೆ. ವಯೋಮಿಂಗ್‌ನ ಜ್ಯಾಕ್ಸನ್ ಕಣಿವೆಯಲ್ಲಿ ಸತತ ಕಠಿಣ ಚಳಿಗಾಲಗಳ ಬಳಿಕ 1912ರಲ್ಲಿ ಎಲ್ಕ್‌ಗಳಿಗಾಗಿಯೇ ರಾಷ್ಟ್ರೀಯ ಧಾಮ ತೆರೆದು ಮೇವು ಹಾಕತೊಡಗಿದರು. ಇಂದು ಅಲ್ಲಿ ದೊಡ್ಡ ಚಿಂತೆ ಮೇವಿನ ರಾಶಿಯ ಸುತ್ತ ಮೂತಿಗೆ ಮೂತಿ ತಾಗಿಸಿ ನಿಲ್ಲುವ ಪ್ರಾಣಿಗಳಲ್ಲಿ ಹರಡಬಹುದಾದ ಕ್ಷಯಕಾರಿ ಮಿದುಳು ರೋಗದ್ದು. 1967ರಲ್ಲಿ ಕೊಲೊರಾಡೊದಲ್ಲಿ ಮೊದಲು ಗುರುತಿಸಿದ ಆ ರೋಗಕ್ಕೆ ಮದ್ದಿಲ್ಲ.

ಜರ್ಮನಿಯವರ ದಾರಿ ಬೇರೆ. ಅಲ್ಲಿ ಬೇಟೆಯ ಹಕ್ಕಿನ ಜೊತೆ ಪ್ರಾಣಿಯನ್ನು ನೋಡಿಕೊಳ್ಳುವ ಹೊಣೆಯೂ ಬರುತ್ತದೆ. ಆಳ ಹಿಮದ ಕಷ್ಟಕಾಲಕ್ಕೆ ಕಾನೂನಿನಲ್ಲೇ ಸ್ಥಾನವಿದೆ, ಆ ಅವಧಿಯಲ್ಲಿ ಮೇವು ಹಾಕಿದ ಜಾಗದಿಂದ 200 ಮೀಟರ್ ವ್ಯಾಪ್ತಿಯಲ್ಲಿ ಗೊರಸಿನ ಪ್ರಾಣಿಯನ್ನು ಕೊಲ್ಲುವಂತಿಲ್ಲ ಎನ್ನುತ್ತದೆ ಒಕ್ಕೂಟದ ಬೇಟೆ ಕಾಯ್ದೆ. ಕೈಯಾರೆ ಉಣಿಸಿ ಹೊಡೆಯಬೇಡ ಎಂಬಷ್ಟೇ ಇದರ ಅರ್ಥ, ಆದರೂ ಬರೆದಿಡಬೇಕಾಯಿತು.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಈಗ ಈ ಚರ್ಚೆಗೆ ಜಾಗವಿಲ್ಲ. ಹಿಮದ ಜಿಂಕೆ ಮಾತ್ರ ಇದೆ. ಕಾಶ್ಮೀರದ ಹಂಗುಲ್ ಹಿಮ ಬೀಳುತ್ತಿದ್ದಂತೆ ಮೇಲಿನ ಬೆಟ್ಟಗಳಿಂದ ಕೆಳ ದಾಚಿಗಾಮ್‌ಗೆ ಇಳಿಯುತ್ತದೆ. ದಾಚಿಗಾಮ್ ಒಂದು ಕಾಲಕ್ಕೆ ಮಹಾರಾಜರ ಬೇಟೆಯ ಕಾಡು, ಶ್ರೀನಗರಕ್ಕೆ ನೀರು ಕೊಡುವ ಕಾಡು ಕೂಡ. 1981ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 20ನೇ ಶತಮಾನದ ಮೊದಲರ್ಧದಲ್ಲಿ ಸಾವಿರಗಳಲ್ಲಿದ್ದ ಹಂಗುಲ್ 2023ರ ಗಣತಿಯಲ್ಲಿ ಮುನ್ನೂರನ್ನೂ ಮುಟ್ಟಲಿಲ್ಲ.

ಬೇಟೆ ನಡೆಯುವ ನಾಡುಗಳಿಗೆ ಬಂದರೆ, ಹೆಚ್ಚಿನ ಕಡೆ ಅವಧಿಯನ್ನು ನಿರ್ಧರಿಸುವುದು ಈಗಲೂ ಪಂಚಾಂಗವೇ. ಪೆನ್ಸಿಲ್ವೇನಿಯಾದಲ್ಲಿ 1974ರಿಂದ ನಡೆದುಬಂದಿರುವ ಚಕಮಕಿ ಕಲ್ಲಿನ ಕೋವಿಯ ಬೇಟೆ ಕ್ರಿಸ್ಮಸ್ ಮರುದಿನ ಶುರುವಾಗಿ ಜನವರಿಯಲ್ಲಿ ಮುಗಿಯುತ್ತದೆ. ಹಿಮಕ್ಕೆ ಮದ್ದಿನಪುಡಿ ಒದ್ದೆಯಾಗಿ ಕಿಡಿಯೇ ಹತ್ತದಿರುವುದರಿಂದ ಅಲ್ಲಿ ಜಿಂಕೆಗೂ ಒಂದಿಷ್ಟು ಅವಕಾಶ ಸಿಗುತ್ತದೆ. ಹಿಮ ಬೇಗ ಬಂದ ವರ್ಷ, ತಡವಾಗಿ ಬಂದ ವರ್ಷ ಎಂಬ ಭೇದ ಪಂಚಾಂಗಕ್ಕಿಲ್ಲ.

ಅಳತೆಗೋಲು ಇಲ್ಲವೆಂದಲ್ಲ. ಮಿನ್ನೆಸೋಟದ ಇಲಾಖೆ ಚಳಿಗಾಲದ ಕಾಠಿಣ್ಯವನ್ನು ಅಂಕಗಳಲ್ಲಿ ಎಣಿಸುತ್ತದೆ. ತಾಪಮಾನ ಮೈನಸ್ 18 ಡಿಗ್ರಿಗೆ ಇಳಿದ ದಿನಕ್ಕೊಂದು ಅಂಕ, ನೆಲದ ಮೇಲೆ 38 ಸೆಂಟಿಮೀಟರ್ ಹಿಮವಿದ್ದ ದಿನಕ್ಕೊಂದು. ಮೊತ್ತ 100ರ ಕೆಳಗಿದ್ದರೆ ಸೌಮ್ಯ, 180 ದಾಟಿದರೆ ಕಠಿಣ. ಮುಂದಿನ ವರ್ಷ ಎಷ್ಟು ಪರವಾನಗಿ ಕೊಡಬೇಕೆಂದು ಯೋಚಿಸುವಾಗ ಈ ಮೊತ್ತವನ್ನು ನೋಡುತ್ತಾರೆ. 2022-23ರ ಚಳಿಗಾಲದಲ್ಲಿ ವಯೋಮಿಂಗ್‌ನ ಪಶ್ಚಿಮ ಬೆಟ್ಟಸಾಲಿನಲ್ಲಿ ಸಂಶೋಧಕರು ಕಾಲರ್ ಕಟ್ಟಿದ್ದ ಮ್ಯೂಲ್ ಜಿಂಕೆಯ ಮರಿಗಳಲ್ಲಿ ಒಂದೂ ಉಳಿಯಲಿಲ್ಲ, ಬೆಳೆದ ಹೆಣ್ಣುಗಳಲ್ಲೂ ಅರ್ಧಕ್ಕಿಂತ ಹೆಚ್ಚು ಸತ್ತವು. ಆಮೇಲೆ ಅಲ್ಲಿಯೂ ಪರವಾನಗಿಗಳನ್ನು ಕಡಿತ ಮಾಡಲಾಯಿತು. ಸತ್ತ ಮೇಲೆ ಲೆಕ್ಕ ಹಾಕಿ ಮರುವರ್ಷಕ್ಕೆ ತಿದ್ದಿಕೊಳ್ಳುವ ಕ್ರಮ ಇದು. ಹಿಮದ ಆಳವನ್ನು ದಿನದಿನವೂ ಅಳೆಯುವ ವ್ಯವಸ್ಥೆ ಇರುವ ಕಡೆಯಾದರೂ, ಜನವರಿಯ ಬೇಟೆಗೆ ತಾರೀಖಿನ ಜೊತೆ 38 ಸೆಂಟಿಮೀಟರ್ ಎಂಬ ಗಡಿಯನ್ನೂ ಸೇರಿಸಿ, ಹಿಮ ಅದನ್ನು ದಾಟಿದ ದಿನವೇ ಕೋವಿ ಕೆಳಗಿಡಿಸುವುದು ಸರಿಯಾದ ಕ್ರಮ. ಹೊಕ್ಕೈಡೊದಂತೆ ಸಂಖ್ಯೆ ಇಳಿಸಲೇಬೇಕಾದ ಜಾಗಗಳಿದ್ದರೆ, ಆ ಕೆಲಸ ನುರಿತ ಕೆಲವರ ಪಾಲಿಗಿರಲಿ, ಬೇಟೆಯ ಪರವಾನಗಿಯ ಹೆಸರಲ್ಲಿ ಬೇಡ.